ಅಂಟಿಸಿದ ನಾದ

ಸಂಗೀತ ಕಚೇರಿಯಲ್ಲಿ ಧ್ವನಿವರ್ಧಕದ ಗುಂಡಿ ತಿರುಗಿಸುವವನಿಗೆ ಒಂದೇ ಅವಕಾಶ. ಮೃದಂಗ ಹಾಡನ್ನು ಮುಚ್ಚಿತೋ, ಮೈಕು ಕಿರುಚಿತೋ, ಸಭೆಯೆಲ್ಲ ಕೇಳಿಯಾಯಿತು. ಸ್ಟುಡಿಯೋದವನು ‘ಇನ್ನೊಮ್ಮೆ’ ಎನ್ನಬಲ್ಲ.

ಕೆನಡಾದ ಪಿಯಾನೋ ವಾದಕ ಗ್ಲೆನ್ ಗೂಲ್ಡ್ 1964ರಲ್ಲಿ ಸಭೆಗಳನ್ನೇ ತೊರೆದು ಸ್ಟುಡಿಯೋವನ್ನು ನೆಚ್ಚಿದರು. ಬಾಖ್‌ನ ಒಂದು ಕೃತಿಯನ್ನು ಹಲವು ಸಲ ನುಡಿಸಿ, ಅವುಗಳಲ್ಲಿ ಎರಡರ ಟೇಪುಗಳನ್ನು ಕತ್ತರಿಸಿ ಒಂದಾಗಿ ಅಂಟಿಸಿದ್ದನ್ನು 1966ರಲ್ಲಿ ತಾವೇ ಬರೆದು ತಿಳಿಸಿದರು. ಇದು ಮೋಸವೆ? ಕವಿ ಹೊಡೆದುಹಾಕಿದ ಸಾಲುಗಳನ್ನು ತೋರಿಸೆಂದು ನಾವು ಯಾರೂ ಕೇಳುವುದಿಲ್ಲವಷ್ಟೆ.

ಆದರೂ ನನಗೊಂದು ಅಳುಕು. ತಾರಷಡ್ಜದಲ್ಲಿ ವಿದ್ವಾಂಸರ ಶಾರೀರ ಕೈಕೊಟ್ಟು, ಅವರು ನಕ್ಕು ಮತ್ತೆ ಹಿಡಿಯುವಾಗ ಸಭೆಯೂ ಉಸಿರು ಬಿಗಿಹಿಡಿದಿರುತ್ತದೆ, ಮನ್ನಿಸುತ್ತದೆ. ಧ್ವನಿಮುದ್ರಿಕೆಯಲ್ಲಿ ಮನ್ನಿಸಲು ಏನೂ ಉಳಿದಿರುವುದಿಲ್ಲ. ಹಾಗೆಂದು, ನನ್ನ ಮೆಚ್ಚಿನ ವಿದ್ವಾಂಸರ ಮುದ್ರಿಕೆಯಲ್ಲೇ ಹಾಗಾಗಿದ್ದರೆ? ಕತ್ತರಿಸಿರೆಂದು ನಾನೇ ಅನ್ನುತ್ತಿದ್ದೆ. ಅವರ ಮಾನಕ್ಕಾಗಿಯೋ, ನನ್ನ ಸುಖಕ್ಕಾಗಿಯೋ, ಹೇಳಲಾರೆ.