ಇಂದಿನ ಧಮ್ಮಚಿಂತನೆ: ಹಾಸಿಗೆಯ ಪಕ್ಕದ ನಗು

 

ಅಂಗುತ್ತರ ನಿಕಾಯದಲ್ಲಿ ಒಬ್ಬ ಗಂಡ ಹೆಂಡತಿಯ ಪ್ರಸಂಗ ಬರುತ್ತದೆ. ಭಗ್ಗರ ನಾಡಿನ ಸುಂಸುಮಾರಗಿರಿಯಲ್ಲಿ ನಕುಲಪಿತ ಎಂಬ ಉಪಾಸಕ ಭಾರೀ ಕಾಯಿಲೆ ಬಿದ್ದಿದ್ದ. ಹೆಂಡತಿ ನಕುಲಮಾತೆ ಅವನಿಗೆ, ಮನಸ್ಸಿನಲ್ಲಿ ಚಿಂತೆ ಇಟ್ಟುಕೊಂಡು ಸಾಯಬೇಡಿ ಎಂದಳು. ಅವನ ಚಿಂತೆಗಳನ್ನು ಒಂದೊಂದಾಗಿ ತಾನೇ ಎತ್ತಿ ಉತ್ತರ ಕೊಟ್ಟಳು. ಮೊದಲು ಹೇಳಿದ್ದೇನು ಗೊತ್ತೇ? ತನಗೆ ನೂಲಲು ಬರುತ್ತದೆ, ಉಣ್ಣೆ ಹಿಂಜಲು ಬರುತ್ತದೆ, ಮಕ್ಕಳನ್ನು ಸಾಕುತ್ತೇನೆ, ಮನೆ ನಡೆಸುತ್ತೇನೆ ಎಂದು. ಶೀಲದ ಮಾತು, ಧಮ್ಮದಲ್ಲಿ ತನ್ನ ಕಾಲು ಗಟ್ಟಿಯಾಗಿ ಊರಿದೆ ಎಂಬ ಮಾತು ಆಮೇಲೆ ಬಂದವು. ನಕುಲಪಿತ ಚೇತರಿಸಿಕೊಂಡ. ಕೋಲೂರಿಕೊಂಡು ಬಂದ ಅವನಿಗೆ, ಇಂಥ ಹಿತೈಷಿ ಹೆಂಡತಿ ಸಿಕ್ಕಿದ್ದು ನಿನ್ನ ಭಾಗ್ಯ ಎಂದು ಬುದ್ಧರು ಹೇಳಿದರು.

ಮಾತಿನಿಂದಲೇ ರೋಗ ವಾಸಿಯಾಗುತ್ತದೆ ಎಂದು ಇದರ ಅರ್ಥವಲ್ಲ. ರೋಗಿಗೆ ನೋವಿನಷ್ಟೇ ಭಾರವಾದದ್ದು 'ನನ್ನಿಂದ ಮನೆಯವರಿಗೆ ಕಷ್ಟ' ಎಂಬ ಕೊರಗು. ನಕುಲಮಾತೆ ಇಳಿಸಿದ್ದು ಆ ಭಾರವನ್ನು.

ರೋಗಿಯ ಆರೈಕೆ ಮಾಡುವವರಲ್ಲಿ ಐದು ಗುಣ ಇರಬೇಕೆಂದು ಬುದ್ಧರು ಹೇಳಿದ್ದಾರೆ. ಔಷಧಿ ಸಿದ್ಧಪಡಿಸಲು ಬರಬೇಕು. ಯಾವುದು ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಎಂದು ತಿಳಿದಿರಬೇಕು. ಲಾಭಕ್ಕಲ್ಲ, ಮೈತ್ರಿಯಿಂದ ಸೇವೆ ಮಾಡಬೇಕು. ಮಲ, ಮೂತ್ರ, ವಾಂತಿಗೆ ಹೇಸಬಾರದು. ಐದನೆಯದು, ಆಗಾಗ ಧಮ್ಮದ ಮಾತಾಡಿ ರೋಗಿಯ ಮನಸ್ಸನ್ನು ಹರ್ಷಗೊಳಿಸಬೇಕು. ಗಮನಿಸಿ, ಹರ್ಷವೂ ಆರೈಕೆಯ ಪಟ್ಟಿಯಲ್ಲೇ ಇದೆ.

ನಮ್ಮ ಬಳಗದ ಒಬ್ಬ ಅಣ್ಣನವರಿಗೆ ಡಯಾಲಿಸಿಸ್ ನಡೆಯುತ್ತಿದೆ. ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಹೇಳಿದ್ದಾರೆ. ಅಕ್ಕ ಬೆಳಿಗ್ಗೆಯೇ ಒಂದು ಬಾಟಲಿಗೆ ಅಳೆದು ತುಂಬಿಡುತ್ತಾರೆ. "ನಾವು ಮಂಡ್ಯದೋರು ಕಣೇ, ನೀರಿಗೋಸ್ಕರ ಟ್ರಿಬ್ಯೂನಲ್‌ಗೆ ಹೋಗ್ತೀನಿ" ಅಂತಾರೆ ಅಣ್ಣ. "ಟ್ರಿಬ್ಯೂನಲ್ಲೂ ನಾನೇ, ಕನ್ನಂಬಾಡಿ ಕಟ್ಟೆನೂ ನಾನೇ. ಸಂಜೆವರೆಗೂ ಗೇಟ್ ತೆಗೆಯಲ್ಲ" ಅಂತಾರೆ ಅಕ್ಕ. ಇಬ್ಬರೂ ನಗುತ್ತಾರೆ. ನೀರಿನ ಅಳತೆ ಮಾತ್ರ ತಪ್ಪುವುದಿಲ್ಲ. ಗದರಿಸಿ ಮಾಡಿಸುವ ಪಥ್ಯವನ್ನು ಅವರು ನಗಿಸಿ ಮಾಡಿಸುತ್ತಾರೆ. ಅಕ್ಕ ತಮಾಷೆ ಮಾಡುವುದು ರೋಗವನ್ನು, ರೋಗಿಯನ್ನಲ್ಲ. ಅಣ್ಣನಿಗೆ ನಗು ಬೇಡವಾದ ದಿನ ಸುಮ್ಮನೆ ಕೈ ಹಿಡಿದು ಕೂರುತ್ತಾರೆ.

ಇಂಥ ಮನೆಗೂ ನೆಂಟರು ಬಂದು, "ಮನೆದೇವರನ್ನ ಬಿಟ್ರಿ, ಅದಕ್ಕೇ ಹಿಂಗಾಯ್ತು. ಈಗಲಾದ್ರೂ ಒಂದು ಹರಕೆ ಹೊತ್ಕೊಳ್ಳಿ" ಎನ್ನುತ್ತಾರೆ. ನಮ್ಮಲ್ಲಿ ಎಷ್ಟೋ ಮನೆಗಳು ಈ ಮಾತು ಕೇಳಿವೆ. ಕಷ್ಟಕಾಲದಲ್ಲಿ ಅದು ನಾಟುತ್ತದೆ. ಉತ್ತರ ಸಂಯುತ್ತ ನಿಕಾಯದಲ್ಲಿದೆ. ಅನುಭವಿಸುವುದೆಲ್ಲ ಹಿಂದಿನ ಕರ್ಮದ ಫಲವೇ ಎಂದು ಸೀವಕ ಎಂಬ ಪರಿವ್ರಾಜಕ ಕೇಳಿದಾಗ, ಬುದ್ಧರು ಒಪ್ಪಲಿಲ್ಲ. ಪಿತ್ತ, ಕಫ, ವಾತ, ಋತುವಿನ ಬದಲಾವಣೆ, ಪೆಟ್ಟು ಹೀಗೆ ಕಣ್ಣಿಗೆ ಕಾಣುವ ಕಾರಣಗಳನ್ನು ಎಣಿಸಿದರು. ಕಾಯಿಲೆ ಶಾಪವಲ್ಲ, ಶಿಕ್ಷೆಯಲ್ಲ. ಕಾರಣ ಇದ್ದಲ್ಲಿ ಚಿಕಿತ್ಸೆ ಹುಡುಕಬೇಕು. ನಮ್ಮ ಶ್ರದ್ಧೆ ಎಂದರೆ ಪವಾಡಕ್ಕೆ ಕಾಯುವುದಲ್ಲ. ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುವ ಕೈಯಲ್ಲಿ, ಭಯದಲ್ಲೂ ಹರಕೆಯ ಕಡೆ ಜಾರದ ಮನಸ್ಸಿನಲ್ಲಿ ಅದು ಇರುತ್ತದೆ.

ಬಾಬಾಸಾಹೇಬರನ್ನೂ ನೆನೆಯೋಣ. ಮಧುಮೇಹ, ನರಗಳ ನೋವು ಅವರನ್ನು ಹಣ್ಣು ಮಾಡಿದ್ದವು. 1948ರ ಏಪ್ರಿಲ್ 15ರಂದು ಅವರನ್ನು ಮದುವೆಯಾದ ಸವಿತಾ ಅವರು ಸ್ವತಃ ವೈದ್ಯೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಇಬ್ಬರೂ ಜೊತೆಯಾಗಿ ದೀಕ್ಷೆ ಪಡೆದರು. 'ಬುದ್ಧ ಮತ್ತು ಆತನ ಧಮ್ಮ' ಗ್ರಂಥಕ್ಕೆ ಬರೆದ ಮುನ್ನುಡಿಯಲ್ಲಿ ಬಾಬಾಸಾಹೇಬರು ತಮ್ಮನ್ನು ಉಳಿಸಿಕೊಂಡು ಬಂದ ಪತ್ನಿಗೂ ಡಾಕ್ಟರಿಗೂ ಕೃತಜ್ಞತೆ ಹೇಳಿದ್ದರು. ಆ ಮುನ್ನುಡಿ ಮೊದಲ ಮುದ್ರಣದಲ್ಲಿ ಅಚ್ಚಾಗಲೇ ಇಲ್ಲ. ಸಮಾಜ ಆ ತಾಯಿಗೆ ಕೊಟ್ಟದ್ದು ಬಹುಕಾಲ ಅನುಮಾನವನ್ನೇ.

ಆರೈಕೆ ಮಾಡುವವರಿಗೆ ಥ್ಯಾಂಕ್ಸ್ ಸಿಗುವುದು ಕಡಿಮೆ. ಅವರೂ ದಣಿಯುತ್ತಾರೆ. ನಗಿಸುವವರನ್ನೂ ಯಾರಾದರೂ ನಗಿಸಬೇಕು.

ಇಂದಿನ ಅಭ್ಯಾಸ: ಕಾಯಿಲೆಯವರಿರುವ ಒಂದು ಮನೆಗೆ ಫೋನ್ ಮಾಡಿ. ರೋಗಿಯನ್ನು ವಿಚಾರಿಸಿದ ಮೇಲೆ, "ನೀವು ಊಟ ಮಾಡಿದ್ರಾ? ನಾಳೆ ಆಸ್ಪತ್ರೆ ಹತ್ರ ಅರ್ಧ ದಿನ ನಾನು ಇರ್ತೀನಿ, ನೀವು ಮಲಗಿ" ಎಂದು ಆರೈಕೆ ಮಾಡುವವರಿಗೆ ಹೇಳಿ. ಹೇಳಿದ ಮೇಲೆ ಹೋಗಿ.

ಎಲ್ಲರೂ ನಿರೋಗಿಗಳಾಗಲಿ. ರೋಗವಿದ್ದ ಮನೆಯಲ್ಲೂ ನಗುವಿರಲಿ.

ಸಾಧು, ಸಾಧು, ಸಾಧು. ಜೈ ಭೀಮ್.