ಗಂಡಂದಿರನ್ನೂ ಒಳಗೆ ಕರೆಯಿರಿ



ಹೆಬ್ಬಾಳವಿರಲಿ, ಯಲಹಂಕವಿರಲಿ, ಧರ್ಮಕೇಂದ್ರದಲ್ಲಿ ಕುಟುಂಬ ಯೋಜನೆಯ ಬಗ್ಗೆ ತಿಳಿವಳಿಕೆ ಸಭೆ ಎಂದ ಕೂಡಲೇ ನಮಗೆ ಹೊಳೆಯುವುದು ಒಂದೇ: ಭಾನುವಾರ ಪೂಜೆಯಾದ ಮೇಲೆ ತಾಯಂದಿರನ್ನು ಕೂರಿಸುವುದು, ಸಿಸ್ಟರ್ ಒಬ್ಬರಿಂದ ಮಾತನಾಡಿಸುವುದು. ಗಂಡಂದಿರು ಹೊರಗೆ ಸ್ಕೂಟರಿನ ಮೇಲೆ ಕುಳಿತು ಕಾಯುತ್ತಾರೆ. ನನ್ನ ತಕರಾರು ಇರುವುದು ಇಲ್ಲಿಯೇ.

ನಮ್ಮ ಪಕ್ಕದ ರಾಮನಗರದಲ್ಲಿ ನಡೆದದ್ದನ್ನು ಕೇಳಿ. 1950ರ ದಶಕದ ಆರಂಭದಲ್ಲಿ ಕೇಂದ್ರದ ಆರೋಗ್ಯ ಮಂತ್ರಿಯಾಗಿದ್ದವರು ರಾಜಕುಮಾರಿ ಅಮೃತ್ ಕೌರ್. ಗಾಂಧೀಜಿಯವರ ಅನುಯಾಯಿಯಾದ ಅವರಿಗೆ ಸಾಧನಗಳಿಗಿಂತ ಸಂಯಮದಲ್ಲಿ ನಂಬಿಕೆ. ಸರ್ಕಾರದ ಕೋರಿಕೆಯ ಮೇರೆಗೆ ವಿಶ್ವ ಆರೋಗ್ಯ ಸಂಸ್ಥೆ ಡಾ. ಅಬ್ರಹಾಂ ಸ್ಟೋನ್ ಅವರನ್ನು ಕಳುಹಿಸಿತು. ದೆಹಲಿಯ ಲೋಧಿ ಕಾಲೋನಿಯಲ್ಲಿಯೂ ರಾಮನಗರದಲ್ಲಿಯೂ ಋತುಚಕ್ರದ ದಿನಗಳನ್ನು ಎಣಿಸುವ ಕ್ರಮದ ಪ್ರಯೋಗ ನಡೆಯಿತು. ಓದು ಬಾರದ ಹೆಂಗಸರಿಗೆ ಬಣ್ಣದ ಮಣಿಗಳ ಸರ ಕೊಟ್ಟರು. ದಿನಕ್ಕೊಂದು ಮಣಿ ಸರಿಸಬೇಕು. ಒಂದು ಬಣ್ಣ ಬಂದರೆ ಕೂಡಬಹುದು, ಇನ್ನೊಂದು ಬಂದರೆ ದೂರವಿರಬೇಕು. ಜಪಸರ ಹಿಡಿಯುವ ನಮಗೆ ಇದು ಸುಲಭವೆಂದೇ ತೋರುತ್ತದೆ!

ಫಲ ಮಾತ್ರ ಅಲ್ಪ. ಋತುಚಕ್ರ ಎಲ್ಲರಿಗೂ ಗಡಿಯಾರದಂತೆ ನಡೆಯದು. ಮಗುವಿಗೆ ಹಾಲೂಡಿಸುವವರಿಗಂತೂ ಲೆಕ್ಕವೇ ಸಿಗದು. ಆದರೆ ನನಗೆ ಕಾಣುವ ದೊಡ್ಡ ತೊಡಕು ಬೇರೆ. ಮಣಿ ಎಣಿಸುವವಳು ಹೆಂಡತಿ, ತೀರ್ಮಾನ ಮಾಡುವವನು ಗಂಡ. ರಾತ್ರಿ ಕುಡಿದು ಬಂದವನಿಗೆ ಆಕೆ ಯಾವ ಬಣ್ಣದ ಮಣಿ ತೋರಿಸಿಯಾಳು?

ಜಗದ್ಗುರು ಆರನೆಯ ಪೌಲರು 1968ರಲ್ಲಿ ಹೊರಡಿಸಿದ 'ಹ್ಯೂಮಾನೆ ವೀಟೆ' ಪರಿಪತ್ರವನ್ನು ನಾವು ಕೃತಕ ಸಾಧನಗಳ ನಿಷೇಧಕ್ಕಾಗಿ ಮಾತ್ರ ನೆನೆಯುತ್ತೇವೆ. ಹೆಂಡತಿಯ ಸ್ಥಿತಿಯನ್ನೂ ಇಚ್ಛೆಯನ್ನೂ ಲೆಕ್ಕಿಸದೆ ಹೇರಿದ ದಾಂಪತ್ಯದ ಕೂಟ ಪ್ರೀತಿಯ ಕ್ರಿಯೆಯೇ ಅಲ್ಲವೆಂದು ಅದೇ ಪರಿಪತ್ರ ಹೇಳುತ್ತದೆ. ಇದನ್ನು ಪ್ರಬೋಧನೆಯಲ್ಲಿ ಎಷ್ಟು ಸಲ ಕೇಳಿದ್ದೀರಿ?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ವಿವಾಹಿತೆಯರಲ್ಲಿ ಶೇ. 57ರಷ್ಟು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡಸರದು ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಆ ತಾಯಂದಿರಲ್ಲಿ ನಮ್ಮವರೂ ಇದ್ದಾರು. ಅವರ ಮೇಲೆ ತಪ್ಪು ಹೊರಿಸಲು ಇದನ್ನು ಹೇಳುತ್ತಿಲ್ಲ. ಆ ತೀರ್ಮಾನದ ಭಾರ ಹೊರುವಾಗ ಗಂಡ ಎಲ್ಲಿದ್ದ ಎಂದು ಕೇಳುತ್ತಿದ್ದೇನೆ.

ತೋಬಿತನ ಗ್ರಂಥವನ್ನು ತೆರೆದು ನೋಡಿ. ಏಳು ಗಂಡಂದಿರನ್ನು ಕಳೆದುಕೊಂಡ ಸಾರಳನ್ನು ತೋಬಿಯ ಮದುವೆಯಾದ ರಾತ್ರಿ, ಹೊರಗೆ ಮಾವ ಅವನಿಗಾಗಿ ಗುಂಡಿ ತೋಡಿಸುತ್ತಿದ್ದಾನೆ. ಒಳಗೆ ತೋಬಿಯ ಎದ್ದು, ಹೆಂಡತಿಯನ್ನು ಸೋದರಿಯೆಂದು ಕರೆದು, ಇಬ್ಬರೂ ಪ್ರಾರ್ಥಿಸೋಣ ಎನ್ನುತ್ತಾನೆ. ಮೊದಲು ಬಾಯಿ ತೆರೆದವನು ಗಂಡ.

ಆದ್ದರಿಂದ ಸಭೆಗೆ ದಂಪತಿಗಳನ್ನೇ ಕರೆಯಿರಿ. ಯಶವಂತಪುರದ ಕಡೆಯಿಂದ ಪೀಣ್ಯದ ಕಾರ್ಖಾನೆಗಳಿಗೆ ಪಾಳಿಯಲ್ಲಿ ಹೋಗುವವರಿಗಾಗಿ ಎರಡು ಹೊತ್ತು ಇಡಿ. ದೇಹದ ಲಕ್ಷಣ ನೋಡಿ ದಿನ ಗುರುತಿಸುವ ಬಿಲ್ಲಿಂಗ್ಸ್ ಕ್ರಮವನ್ನು ಬಲ್ಲ ನರ್ಸ್ ಒಬ್ಬರು ವಿವರಿಸಲಿ. ಅದನ್ನು ಪಾಲಿಸುತ್ತಿರುವ ದಂಪತಿ ಸಿಕ್ಕರೆ ಇನ್ನೂ ಒಳ್ಳೆಯದು, ಅವರಲ್ಲಿ ಗಂಡನೇ ಮಾತನಾಡಲಿ. ಕರೆಯೋಲೆಯಲ್ಲಿ ಯಜಮಾನರ ಹೆಸರನ್ನು ಮರೆಯದೆ ಬರೆಯಿರಿ. ಅಮ್ಮನವರು ಹೇಗೂ ಬರುತ್ತಾರೆ.