ಹೊಸ್ತಿಲ ಧರ್ಮ

ರಾಯದುರ್ಗ, ಮಡಕಶಿರಾ ಸೀಮೆಯಲ್ಲಿ ಮನೆಯ ಹೊಸ್ತಿಲಿಗೆ ಎರಡು ಹೆಸರು. ಕನ್ನಡದವರಿಗೆ ಅದು ಹೊಸ್ತಿಲು, ತೆಲುಗರಿಗೆ ಗಡಪ. ಹೆಸರು ಯಾವುದಾದರೂ ಅದನ್ನು ತುಳಿಯದೆ ದಾಟುವುದು ಇಬ್ಬರಿಗೂ ಸಮಾನವಾದ ಸಂಪ್ರದಾಯ. 2022ರ ಮೇ ತಿಂಗಳಲ್ಲಿ ಆಂಧ್ರ ಸರ್ಕಾರವು ಶಾಸಕರನ್ನು ಮನೆಮನೆಗೆ ಕಳುಹಿಸುವ ಕಾರ್ಯಕ್ರಮಕ್ಕೆ ಗಡಪದ ಹೆಸರನ್ನೇ ಇಟ್ಟಿತು. ಆಗ ಶಾಸಕರೊಡನೆ ಅಧಿಕಾರಿಗಳೂ ಪೊಲೀಸರೂ ಇರುತ್ತಿದ್ದರು. ಉಳಿದ ದಿನಗಳಲ್ಲಿ ನಲ್ಲಿಯ ನೀರಿಗೋ ಗಡಿಕಲ್ಲಿನ ಜಗಳಕ್ಕೋ ಮನೆಬಾಗಿಲಿಗೆ ಬರುವ ವಾರ್ಡು ಸದಸ್ಯೆಯ ಜೊತೆಗೆ ಯಾರಿರುತ್ತಾರೆ? ಪ್ರಜೆಯ ಹೊಸ್ತಿಲಿಗೆ ಬರುವುದು ಪ್ರತಿನಿಧಿಯ ಕರ್ತವ್ಯವಾದರೆ, ಅಲ್ಲಿ ಆಕೆಯ ಕ್ಷೇಮ ಯಾರ ಕರ್ತವ್ಯ?

ಈ ಭಯ ಕಲ್ಪಿತವಲ್ಲ. ಕಕ್ಷಿದ್ವೇಷದ ಕಹಿಯನ್ನು ಈ ಸೀಮೆ ಬಲ್ಲದು. ಪೆನುಕೊಂಡದ ಶಾಸಕ ಪರಿಟಾಲ ರವಿ 2005ರ ಜನವರಿ 24ರಂದು ಅನಂತಪುರದಲ್ಲಿಯೇ ಹತರಾದರು. ದೂರದ ಇಂಗ್ಲೆಂಡಿನಲ್ಲಿಯೂ ಸಂಸದರಾದ ಜೋ ಕಾಕ್ಸ್ 2016ರಲ್ಲಿ, ಡೇವಿಡ್ ಏಮಸ್ 2021ರಲ್ಲಿ, ಜನರ ಅಹವಾಲು ಕೇಳಲು ಬಂದಿದ್ದಾಗಲೇ ಕೊಲೆಯಾದರು.

ಹಾಗೆಂದು ಭೇಟಿಯನ್ನೇ ಕೈಬಿಡಲಾದೀತೆ? 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ ರಾಯದುರ್ಗದಲ್ಲಿ, ತೆಲುಗಿನಲ್ಲಿ ಬಂದ ನೋಟೀಸನ್ನು ಓದಲಾರದ ಕನ್ನಡದ ಅಜ್ಜಿಗೆ, ಜಗಲಿಯ ಮೇಲೆ ಕುಳಿತು ಅವಳ ಮಾತಿನಲ್ಲಿಯೇ ವಿಷಯ ತಿಳಿಸುವ ಸದಸ್ಯೆಯೇ ಸರ್ಕಾರ. ಆಕೆ ಬಾರದಿದ್ದರೆ ಸರ್ಕಾರವೇ ಬಾರದಂತೆ.

1948ರ ಜನವರಿ 20ರಂದು ತಮ್ಮ ಪ್ರಾರ್ಥನಾಸಭೆಯ ಬಳಿ ಸ್ಫೋಟವಾದ ಮೇಲೂ, ಸಭೆಗೆ ಬರುವವರನ್ನು ತಪಾಸಣೆ ಮಾಡುವುದಕ್ಕೆ ಗಾಂಧೀಜಿ ಒಪ್ಪಲಿಲ್ಲ. ಅದು ಅವರು ತಮಗಾಗಿ ಆರಿಸಿಕೊಂಡ ವ್ರತ. ಒಬ್ಬರು ತಾವಾಗಿ ಕೈಗೊಳ್ಳುವ ತ್ಯಾಗವನ್ನು ಇನ್ನೊಬ್ಬರಿಂದ ಕಡ್ಡಾಯವಾಗಿ ಬೇಡುವುದು ಧರ್ಮವಲ್ಲ. ಜನರಿಗೆ ಎಟುಕುವಂತಿರಬೇಕೆಂಬುದು ಪ್ರತಿನಿಧಿಯ ಕರ್ತವ್ಯ. ಅಪಾಯಕ್ಕೆ ಮೈಯೊಡ್ಡಿರಬೇಕೆಂಬುದು ಅಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿ ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಕನಿಷ್ಠ ಮೂರರಲ್ಲೊಂದು ಸ್ಥಾನವನ್ನು ಮೀಸಲಿಟ್ಟಿತು. ‘ಒಬ್ಬಳೇ ಹೋಗುವುದು ಕ್ಷೇಮವಲ್ಲ’ ಎಂದು ಜೊತೆಗೆ ಹೊರಟ ಗಂಡನು ಮೊದಲು ಕಾವಲಿಗನಾಗುತ್ತಾನೆ, ಬಳಿಕ ವಕ್ತಾರನಾಗುತ್ತಾನೆ, ಕೊನೆಗೆ ತಾನೇ ಸದಸ್ಯನಾಗುತ್ತಾನೆ. ರಕ್ಷಣೆಯ ಹೆಸರಿನಲ್ಲಿ ಆಕೆಯ ದನಿಯೇ ಕಳೆದುಹೋಗುತ್ತದೆ. ಜೊತೆಗಾರನಿರಲಿ, ಆದರೆ ಅವನು ಪಕ್ಕದಲ್ಲಿ ನಡೆಯಲಿ, ಮುಂದೆ ನಿಂತು ಮಾತನಾಡದಿರಲಿ.

ಆದುದರಿಂದ ಆಕೆಯ ಕ್ಷೇಮವನ್ನು ಒಬ್ಬ ಗಂಡನಿಗೆ ವಹಿಸದೆ ಊರೇ ಹೊರಬೇಕು. ಯಾರ ಮನೆಗೆ, ಎಷ್ಟು ಹೊತ್ತಿಗೆ ಹೋಗುವುದೆಂದು ಗ್ರಾಮ ಸಚಿವಾಲಯದಲ್ಲಿ ತಿಳಿಸಿ ಹೊರಡುವುದು, ಸಹಸದಸ್ಯೆಯೊಬ್ಬರನ್ನು ಕರೆದೊಯ್ಯುವುದು, ಜಗಳದ ಮಾತನ್ನು ಒಳಮನೆಯಲ್ಲಿ ಕೇಳದೆ ಹಗಲಿನಲ್ಲಿ ಜಗಲಿಯ ಮೇಲೆ ಕೇಳುವುದು, ಕುಡಿದವರೋ ಕೆರಳಿದವರೋ ಎದುರಾದರೆ ಹಿಂದಿರುಗಿ ಮತ್ತೊಂದು ದಿನ ಬರುವುದು: ಇವುಗಳಲ್ಲಿ ಹೇಡಿತನವೂ ಇಲ್ಲ, ಮನೆಯವರ ಮೇಲಿನ ಅಪನಂಬಿಕೆಯೂ ಇಲ್ಲ. ಮನೆಯವರು ಇದನ್ನು ಅವಮಾನವೆಂದು ಭಾವಿಸದೆ, ನಾಯಿಯನ್ನು ಕಟ್ಟಿಹಾಕಿ, ಜಗಲಿಯ ಮೇಲೆ ಚಾಪೆ ಹಾಸಬೇಕು. ಪಕ್ಕದ ಮನೆಯಲ್ಲಿ ದನಿ ಏರಿದಾಗ ಬಾಗಿಲು ಮುಚ್ಚಿಕೊಳ್ಳದೆ ನೆರೆಯವರು ಹೊರಗೆ ಬರಬೇಕು.

ಬಂದವರನ್ನು ಆದರಿಸುವುದನ್ನು ನಮ್ಮ ಹಿರಿಯರು ಕಲಿಸಿಕೊಟ್ಟಿದ್ದಾರೆ. ನಮ್ಮ ಮತದಿಂದ ಆರಿಸಿ ಬಂದವರು ಮನೆಗೆ ಬಂದಾಗ, ನಾವು ಅವರ ಮೇಲೆ ಎಷ್ಟೇ ಮುನಿದಿರಲಿ, ದೂರನ್ನು ನೇರವಾಗಿ ಹೇಳೋಣ, ಉತ್ತರವನ್ನು ಬಿಡದೆ ಕೇಳೋಣ. ಆ ಬಳಿಕ ಅವರನ್ನು ಅದೇ ಹೊಸ್ತಿಲಿನಿಂದ ಸುರಕ್ಷಿತವಾಗಿ ಕಳುಹಿಸಿಕೊಡುವ ಹೊಣೆ ನಮ್ಮದೇ.